ಏಳು ನಂಬರಿನ ಕಡ್ಡಿ

ಆ ಶನಿವಾರ ಮಧ್ಯಾಹ್ನ ಅವಳು ಅಂಗಡಿಗೆ ಬಂದದ್ದು ಜಗಳಕ್ಕೆ. ಒಳಗೆ ಬಂದವಳೇ ಬ್ಯಾಗಿನಿಂದ ಹಳದಿ ಉಲ್ಲನ್ನಿನ ಪುಟ್ಟ ಟೋಪಿಯೊಂದನ್ನು ತೆಗೆದು, ಕೌಂಟರಿನ ಮೇಲಿದ್ದ ಚಹಾದ ಗ್ಲಾಸಿಗೆ ತೊಡಿಸಿದಳು. ಟೋಪಿ ಗ್ಲಾಸಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ನೋಡ್ರಿ," ಎಂದಳು. "ನೀವು ಕೊಟ್ಟ ಕಡ್ಡೀಲೇ ಹೆಣದಿದ್ದು. ಮೂರು ವಾರದ ಕೂಸಿಗೆ ಅಂತ. ಯಾವ ಕೂಸಿನ ತಲಿ ಇಷ್ಟಿರತೈತಿ, ನೀವ ಹೇಳ್ರಿ."

ಜಂಬುನಾಥ ಗ್ಲಾಸನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಗ್ಲಾಸನ್ನು ನೋಡುವುದು ಸುಲಭವಿತ್ತು.

ಹೊಸಪೇಟೆಯ ಮೇನ್ ಬಜಾರಿನಲ್ಲಿ ಅವನದು ಗುಂಡಿ, ಲೇಸು, ಸೀರೆ ಫಾಲ್ಸು, ಉಲ್ಲನ್ನು ಮಾರುವ ಫ್ಯಾನ್ಸಿ ಸ್ಟೋರು. ದಿನಕ್ಕೆ ಐವತ್ತು ಹೆಂಗಸರು ಬರುತ್ತಿದ್ದರು, ಐವತ್ತು ಜನರ ಹತ್ತಿರವೂ ಅವನು ಬೇಕಾದಷ್ಟೇ ಮಾತಾಡುತ್ತಿದ್ದ. ಬಾಯಿಸತ್ತವನು ಎಂದು ಅವನ ತಾಯಿ ವಿರುಪಮ್ಮ ಊರಿಗೆಲ್ಲ ಸಾರಿದ್ದರು. ಇಪ್ಪತ್ತೊಂಬತ್ತಕ್ಕೂ ಮದುವೆಯಾಗದೆ ಉಳಿಯಲು ಅದೇ ಕಾರಣ ಎಂಬುದು ಅವರ ತೀರ್ಮಾನ. ಹೋದ ಶನಿವಾರ ಈಕೆ ಬಂದು ಎಂಟು ನಂಬರಿನ ಕಡ್ಡಿ ಒಂದು ಜೋಡಿ ಕೊಂಡು ಹೋದ ಮೇಲಂತೂ ಇದ್ದ ಬುದ್ಧಿಯೂ ಕೆಟ್ಟು, ಅವನು ಮೂರು ಜನಕ್ಕೆ ಬೇರೆ ಬಣ್ಣದ ದಾರ ಕೊಟ್ಟು ಕಳಿಸಿದ್ದ.

"ಎಂಟು ನಂಬರ್ ನೀವ ಕೇಳಿದ್ರಿ," ಎಂದ ಮೆಲ್ಲಗೆ.

"ಹೌದು, ಕೇಳಿದ್ದೆ. ವಿಡಿಯೋದಾಗ ಆಯಮ್ಮ ಎಂಟು ಅಂತಾನ ಹೇಳಿದ್ಲು. ಮೂರು ಸಲ ನೋಡೀನಿ."

"ಆಯಮ್ಮ ಯಾವ ದೇಶದಾಕಿ?"

"ಅಮೆರಿಕ ಇರಬೇಕು. ಯಾಕ?"

"ಅದಕ್ಕ ನೋಡ್ರಿ. ಅವರಲ್ಲಿ ನಂಬರ್ ದೊಡ್ಡದಾದಂಗ ಕಡ್ಡಿ ದಪ್ಪ ಆಗ್ತಾವು. ನಮ್ಮಲ್ಲಿ ನಂಬರ್ ದೊಡ್ಡದಾದಂಗ ಸಣ್ಣ ಆಗ್ತಾವು. ಅವರ ಎಂಟು ಅಂದ್ರ ನಮ್ಮ ಆರು. ಹಂಪಿಗೆ ಬಂದಿದ್ದ ಫಾರಿನ್ನಿನಾಕಿ ಒಬ್ಬಾಕಿ ಒಂದು ಸಲ ಇಲ್ಲೇ ನಿಂತು ನನ್ನ ಕೂಡ ಇದಕ್ಕ ಜಗಳಾಡಿ ಹೋಗ್ಯಾಳ."

"ಅಂದ್ರ ನಾ ಎರಡನೇದಾಕಿ," ಎಂದಳು ಅವಳು. "ಇದನ್ನ ಹೋದ ವಾರನ ಹೇಳಾಕ ಏನಾಗಿತ್ತು ನಿಮಗ?"

ಹೋದ ವಾರ ಏನಾಗಿತ್ತೆಂದು ಹೇಳುವ ಹಾಗಿರಲಿಲ್ಲ. ಹೋದ ವಾರ ಅವಳು ಹಣೆಗೆ ಅಂಟಿದ ಕೂದಲನ್ನು ಮುಂಗೈಯಿಂದ ಸರಿಸುತ್ತಾ 'ಜಲ್ದಿ ಕೊಡ್ರಿ, ಕ್ಲಾಸಿಗೆ ಹೊತ್ತಾತು' ಎಂದಿದ್ದಳು. ಅವನು ಜಲ್ದಿ ಕೊಟ್ಟಿದ್ದ. ಅಷ್ಟೇ ಆದದ್ದು.

ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮಷೀನು ಹಾಕಿಕೊಂಡು ಕೂರುವ ಸುಂಕಪ್ಪ ಆ ಹೊತ್ತಿಗೆ ಮಷೀನು ನಿಲ್ಲಿಸಿದ. ಅರವತ್ತು ದಾಟಿದ ಸುಂಕಪ್ಪನಿಗೆ ಕಿವಿ ಮಂದ ಎಂದು ಬಜಾರೆಲ್ಲ ನಂಬಿತ್ತು. ಬೇಕಾದದ್ದು ಮಾತ್ರ ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಕುಂದ್ರಿ," ಎಂದು ಜಂಬುನಾಥ ಸ್ಟೂಲು ಮುಂದೆ ತಳ್ಳಿದ. "ಆರು ನಂಬರಿನ ಕಡ್ಡಿ ಕೊಡ್ತೀನಿ. ಆದ್ರ ಬರೀ ನಂಬರ್ ನೋಡಿ ಕಡ್ಡಿ ತಗೋಬಾರದು, ಹೆಣಿಯೋರ ಕೈನೂ ನೋಡಬೇಕು. ಎರಡು ಸಾಲು ಇಲ್ಲೇ ಹೆಣೀರಿ."

ಕಡ್ಡಿ ಮಾರುವವನಿಗೆ ಕಡ್ಡಿ ಹಿಡಿಯಲು ಬರದಿದ್ದರೆ ಹೇಗೆ ಎಂದು, ಅವನ ಅಪ್ಪ ಉಜ್ಜಿನಪ್ಪ ಬದುಕಿದ್ದಾಗ ಅಂಗಡಿಗೆ ಬರುತ್ತಿದ್ದ ನಿವೃತ್ತ ನರ್ಸಮ್ಮ ಒಬ್ಬರು ಅವನಿಗೆ ಹೆಣಿಗೆ ಕಲಿಸಿದ್ದರು. ಅವನು ಹೆಣೆಯುತ್ತಾನೆಂದು ಗೊತ್ತಿದ್ದದ್ದು ತಾಯಿಗೆ ಮತ್ತು ಸುಂಕಪ್ಪನಿಗೆ ಮಾತ್ರ.

ಅವಳು ಹೆಣೆದಳು. ತುಟಿ ಕಚ್ಚಿಕೊಂಡು, ದಾರವನ್ನು ಬಾವಿಯಿಂದ ಕೊಡ ಎಳೆಯುವ ಹಾಗೆ ಎಳೆದೆಳೆದು ಹೆಣೆದಳು.

"ಕೈ ಭಾಳ ಬಿಗಿ ಐತ್ರಿ ನಿಮ್ದು."

"ನಮ್ಮ ಸಾಲಿ ಹುಡುಗ್ರೂ ಹಂಗ ಅಂತಾವು," ಎಂದಳು, ತಲೆ ಎತ್ತದೆ.

ಟೀಚರು ಎಂದು ಅವನಿಗೆ ಗೊತ್ತಾದದ್ದು ಹಾಗೆ. ಕೂಸು ತನ್ನ ಅಣ್ಣನದೆಂದೂ, ತಾನು ಸೋದರತ್ತೆಯೆಂದೂ, ತೊಟ್ಟಿಲ ದಿನ ಕೂಸಿನ ತಲೆಗೆ ತೊಡಿಸುವ ಕುಲಾವಿಯನ್ನು ಸೋದರತ್ತೆ ಕೈಯಾರೆ ಮಾಡಬೇಕೆಂದು ಅಣ್ಣನ ಮನೆಯವರ ಆಸೆಯೆಂದೂ ಅವಳೇ ಹೇಳಿದಳು. ತನ್ನ ಹೆಸರಾಗಲಿ ಅಣ್ಣನ ಹೆಸರಾಗಲಿ ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಕೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆರು ನಂಬರಿನ ಜೋಡಿಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ, "ತಪ್ಪಾದ್ರ ವಾಪಸ್ ತರ್ರಿ," ಎಂದ. ಅವಳು ಮೆಟ್ಟಿಲು ಇಳಿಯುವಾಗ, ತಪ್ಪಾಗಲಿ ದೇವರೇ ಎಂದು ಮನಸ್ಸಿನಲ್ಲೇ ಜಂಬುನಾಥಸ್ವಾಮಿಯ ಬೆಟ್ಟದ ದಿಕ್ಕಿಗೆ ಕೈ ಮುಗಿದ. ಅಂಗಡಿಯವನು ಬೇಡಿಕೊಳ್ಳಬಾರದ ಬೇಡಿಕೆ ಅದು.

*

ಮುಂದಿನ ಶನಿವಾರ ಅವಳು ಅರ್ಧ ಮುಗಿದ ಕುಲಾವಿಯನ್ನು ಕಡ್ಡಿಯ ಸಮೇತ ತಂದಳು. ಅವಳು ಕಲಿಸುವ ಮೆಟ್ರಿ ಊರಿನಲ್ಲಿ ಶನಿವಾರ ಅರ್ಧ ದಿನ ಶಾಲೆ, ಮಧ್ಯಾಹ್ನ ಹೊಸಪೇಟೆಯಲ್ಲಿ ಟಿಇಟಿ ಕೋಚಿಂಗು. ನಡುವಿನ ಅರ್ಧ ಗಂಟೆ ಅವಳದೇ ಆಗಿತ್ತು, ಅದನ್ನು ಅವಳು ಇಲ್ಲಿ ಕಳೆಯತೊಡಗಿದ್ದಳು.

"ಅಳತಿ ಸರಿ ಬಂತು. ಆದ್ರ ನೋಡ್ರಿ, ಇಲ್ಲಿ ಬಿಗಿ, ಇಲ್ಲಿ ಸಡಲು. ಒಂದ ಕಡ್ಡಿ, ಒಂದ ದಾರ, ಒಂದ ಕೈ. ಯಾಕ ಹಿಂಗ?"

ಜಂಬುನಾಥ ಅದನ್ನು ಬೆಳಕಿಗೆ ಹಿಡಿದು ನೋಡಿದ. ಹೆಣಿಗೆಯ ವಿಷಯ ಬಂದರೆ ಅವನ ಬಾಯಿಗೆ ಜೀವ ಬರುತ್ತಿತ್ತು.

"ಈ ನಾಕು ಸಾಲು ನೀವು ಸಿಟ್ಟಿನಾಗ ಹೆಣದೀರಿ."

ಅವಳು ಅವನನ್ನು ಅನುಮಾನದಿಂದ ನೋಡಿದಳು. "ಮಂಗಳವಾರ. ಹೆಡ್ ಮಾಸ್ಟರ್ ಕೂಡ ಜಗಳ ಆಗಿತ್ತು."

"ಇಲ್ಲಿ ನಿದ್ದಿಗಣ್ಣು. ಕುಣಿಕಿ ಒಂದು ಬಿಟ್ಟೀರಿ, ಮತ್ತ ಹಿಡದೀರಿ."

"ನೀವೇನು ಅಂಗಡಿ ಇಟ್ಟೀರೋ, ಶಾಸ್ತ್ರ ಹೇಳ್ತೀರೋ?"

"ಇಲ್ಲಿಂದ ಮಾತ್ರ," ಎಂದು ಅವನ ಬೆರಳು ಕೊನೆಯ ಸಾಲುಗಳ ಮೇಲೆ ನಿಂತಿತು. ಅಲ್ಲಿ ಕುಣಿಕೆಗಳು ಒಂದರ ಪಕ್ಕ ಒಂದು ಹಗುರಾಗಿ, ಒಂದೇ ಸಮ ಕೂತಿದ್ದವು. "ಇಲ್ಲಿಂದ ಇದ್ದಕ್ಕಿದ್ದಂಗ ಕೈ ಸಡಲ ಆಗೈತಿ. ಏನೋ ಖುಷಿ ಇತ್ತು ನಿಮಗ. ಎಲ್ಲಿ ಹೆಣದ್ರಿ ಇದನ್ನ?"

ಅವಳು ಕಿವಿಯ ಓಲೆ ತಿರುವಿದಳು, ದಾರದ ಉಂಡೆಯನ್ನು ಬ್ಯಾಗಿಗೆ ಹಾಕಿದಳು, ಮತ್ತೆ ತೆಗೆದಳು.

"ಬಸ್ಸಿನಾಗ," ಎಂದಳು. "ಈಗ, ಹೊಸಪೇಟಿಗೆ ಬರೋ ಬಸ್ಸಿನಾಗ."

ಹೊರಗೆ ಮಷೀನಿನ ಸದ್ದು ಟಕ್ಕೆಂದು ನಿಂತಿತು. ಸುಂಕಪ್ಪನಿಗೆ ಅರ್ಥವಾಗಿತ್ತು. ಬಜಾರಿನಲ್ಲಿ ಯಾರು ಕೇಳಿಸಿಕೊಂಡಿದ್ದರೂ ಅರ್ಥವಾಗುತ್ತಿತ್ತು. ನಮ್ಮ ಜಂಬುನಾಥ ಮಾತ್ರ, "ಬಸ್ಸು ಕುಲುಕತೈತಲ್ರಿ, ಅದಕ್ಕ ಕೈ ಸಡಲ ಆಗಿರಬೇಕು," ಎಂದ.

ಅವಳು ಅವನನ್ನು ದಿಟ್ಟಿಸಿ ನೋಡಿದಳು. ತುಟಿಯ ಅಂಚಿನಲ್ಲಿ ನಗು ಬಂದು, ಬೇಡವೆಂದು ಹಿಂದೆ ಹೋಯಿತು.

"ಹೌದು, ಕುಲುಕತೈತಿ," ಎಂದಳು. "ಈಗೇನು ಮಾಡ್ಲಿ?"

"ಎರಡು ಜೋಡಿ ಇಟ್ಕೊಳ್ರಿ. ಮನಸ್ಸು ಬಿಗಿ ಇದ್ದಾಗ ಆರು ನಂಬರಿಲೆ ಹೆಣೀರಿ. ಖುಷಿ ಇದ್ದಾಗ ಏಳು ತಗೋರಿ, ಅದು ಚೂರು ಸಣ್ಣದು, ಸಡಲ ಕೈನ ಹಿಡದು ನಿಲ್ಲಸತೈತಿ. ಆಗ ಎಲ್ಲಾ ಸಾಲೂ ಒಂದ ಸಮ ಬರ್ತಾವು."

"ವ್ಯಾಪಾರ ಭಾಳ ಚಲೋ ಕಲ್ತೀರಿ," ಎಂದು ಅವಳು ಏಳು ನಂಬರಿನ ಜೋಡಿಯನ್ನು ಎತ್ತಿಕೊಂಡಳು. ಹೊರಡುವಾಗ ಒಂದು ಮೆಟ್ಟಿಲು ಇಳಿದು ನಿಂತು ಹೇಳಿದಳು, "ನಮ್ಮ ಮನ್ಯಾಗ ಯಾರೂ ನನ್ನ ಇಷ್ಟು ನೋಡಿಲ್ರಿ."

ಅವಳು ಹೋದ ಮೇಲೆ ಸುಂಕಪ್ಪ ಕಟ್ಟೆಯಿಂದ ಎದ್ದು ಬಂದ. "ಲೇ ಜಂಬಣ್ಣ, ಕುಲುಕಿದ್ದು ಬಸ್ಸಲ್ಲಲೇ," ಎಂದ. ಜಂಬುನಾಥ ಆ ರಾತ್ರಿ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಅದು ಹೊಳೆದು, ತುತ್ತು ಕೈಯಲ್ಲೇ ಉಳಿಯಿತು.

*

ಇನ್ನು ಬಾಯಿ ಬಿಡಲೇಬೇಕೆಂದು ಅವನು ವಾರವಿಡೀ ಮಾತು ಕೂಡಿಸಿದ. ಹೆಸರು ಕೇಳುವುದು, ಊರು ಕೇಳುವುದು, ಮನೆಯಲ್ಲಿ ಯಾರಿದ್ದಾರೆಂದು ಕೇಳುವುದು. ಆಮೇಲೆ ಅವ್ವನನ್ನು ಕಳಿಸುವುದು. ಅದೇನು ಮಹಾ ಕೆಲಸ. ಲೋಕದಲ್ಲಿ ಎಲ್ಲರೂ ಮಾಡುತ್ತಾರೆ.

ಶನಿವಾರ ಅವಳು ಬಂದಾಗ ಹಳದಿ ಉಲ್ಲನ್ನಿನ ಉಂಡೆ ಮುಗಿದಿತ್ತು, ಹೊಸ ಮಾಲು ಲಡಿಯಲ್ಲಿ ಬಂದಿತ್ತು. ಲಡಿಯ ದಾರ ಹಾಗೇ ಹೆಣೆಯಲು ಬರುವುದಿಲ್ಲ, ಒಬ್ಬರು ಎರಡೂ ಕೈಗೆ ಹಾಕಿಕೊಂಡು ಹಿಡಿಯಬೇಕು, ಇನ್ನೊಬ್ಬರು ಉಂಡೆ ಸುತ್ತಬೇಕು. ಅವಳು ಸ್ಟೂಲಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿದಳು. ಅವನು ಲಡಿಯನ್ನು ಅವಳ ಮಣಿಕಟ್ಟಿಗೆ ತೊಡಿಸಿದ. ಬಳೆ ಒಂದು ಸಲ ಸದ್ದಾಯಿತು.

ಅವನು ಸುತ್ತಿದ. ದಾರ ಎಡಗೈಯಿಂದ ಬಂತು, ಬಲಗೈಯಿಂದ ಬಂತು. ಅದಕ್ಕೆ ತಕ್ಕ ಹಾಗೆ ಅವಳ ಕೈಗಳು ಅತ್ತ ಇತ್ತ ಸಣ್ಣಗೆ ತೂಗಿದವು. ಅವಳು ನೆಲ ನೋಡಿದಾಗ ಅವನು ಅವಳನ್ನು ನೋಡಿದ, ಅವಳು ತಲೆ ಎತ್ತಿದಾಗ ಉಂಡೆ ನೋಡಿದ. ಮೂರನೆಯ ಸಲ ಸಿಕ್ಕಿಬಿದ್ದ.

"ದಾರ ಇಲ್ಲೈತ್ರಿ," ಎಂದಳು ಅವಳು, ಕೈ ತೋರಿಸಿ.

"ಹ್ಞಾಂ. ನಾನು ಒಂದು ಮಾತು ಕೇಳಬೇಕಂತ ಮಾಡೀನಿ," ಎಂದ ಜಂಬುನಾಥ. "ನಿಮ್ಮ ಹೆಸರು..."

ಆಗ ಕೌಂಟರಿನ ಮೇಲಿನ ಫೋನು ಹೊಡೆದುಕೊಂಡಿತು. ಜಂಬುನಾಥನ ಅಣ್ಣ ದುರುಗೇಶ. ಕಂಪ್ಲಿಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿರುವ ಅವನು ಒಮ್ಮೆ ಶುರು ಮಾಡಿದರೆ ಎತ್ತುವ ತನಕ ಬಿಡುವವನಲ್ಲ. ಜಂಬುನಾಥ ದಾರದ ಕೈಯಿಂದಲೇ ಕಿರುಬೆರಳಲ್ಲಿ ಸ್ಪೀಕರ್ ಒತ್ತಿದ.

"ಲೇ ಜಂಬೂ, ತೊಟ್ಲ ನಾಳೆ ಬಿಟ್ಟು ಬರೋ ಐತವಾರ ಗ್ಯಾರಂಟಿ ಆತು ನೋಡು. ಸಂಡೂರಾಗ, ನಿಮ್ಮತ್ತಿಗಿ ತವರ ಮನ್ಯಾಗ. ಅವ್ವನ್ನ ಜಲ್ದಿ ಕರ್ಕೊಂಡು ಬಾ. ಇನ್ನೊಂದು ಸುದ್ದಿ ಕೇಳು. ಸೋದರತ್ತಿ ಸಿಕ್ಳು ನಮಗ. ನಮ್ಮ ಬಾಡಿಗಿ ಮನಿ ಓನರ್ ಪಾಲಪ್ಪನೋರು ಅದಾರಲ್ಲ, ನಮ್ಮ ಪೈಕಿನ ಮಂದಿನ, ಅವರ ಮಗಳು ಯಶೋಧರಾ. ಮೆಟ್ರಿ ಸಾಲ್ಯಾಗ ಟೀಚರ್. ನನಗ ಬಾಯಿ ತುಂಬ ಅಣ್ಣ ಅಂತಾಳ. ಕುಲಾವಿನೂ ತಾನ ಹೆಣಿಯಾಕತ್ಯಾಳ. ಅವ್ವ ಆಗಲೇ ಆಕೀಗೆ ಇಳಕಲ್ ಸೀರಿ ತಂದಿಟ್ಟಾಳಂತ, ನಿನಗ ಹೇಳಿಲ್ಲೇನು? ತಂಗಿ ಇಲ್ಲ ತಂಗಿ ಇಲ್ಲ ಅಂತ ಇಷ್ಟು ದಿನ ಆತು, ಇನ್ನ ನಿನಗೂ ಒಬ್ಬಾಕಿ ತಂಗಿ ಆದ್ಲು. ಕೇಳಾಕತ್ತೀಯಾ?"

ಕೇಳಿಸಿತ್ತು. ಇಬ್ಬರಿಗೂ ಕೇಳಿಸಿತ್ತು.

ಅವಳ ಎರಡೂ ಕೈ ದಾರದಲ್ಲಿದ್ದವು. ಮುಖ ಮುಚ್ಚಿಕೊಳ್ಳಲು ಕೈ ಇರಲಿಲ್ಲ, ಎದ್ದು ಹೋಗಲು ದಾರಿ ಇರಲಿಲ್ಲ. ಅವನ ಕೈಯಲ್ಲಿ ಉಂಡೆ ಇತ್ತು, ಉಂಡೆಯ ತುದಿ ಅವಳ ಮಣಿಕಟ್ಟಿನಲ್ಲಿತ್ತು. ಹಾಗಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಇರಬೇಕಾಯಿತು.

"ಕೇಳಸ್ತು," ಎಂದ ಜಂಬುನಾಥ ಫೋನಿಗೆ. ದುರುಗೇಶ ಎಮ್ಮೆಯೊಂದು ಒದ್ದ ಸಮಾಚಾರ ಹೇಳಿ ಫೋನು ಇಟ್ಟ.

ಜಂಬುನಾಥ ಉಂಡೆಗೆ ಇನ್ನೊಂದು ಸುತ್ತು ಹಾಕಿದ.

"ತಮ್ಮ ಹೊಸಪೇಟ್ಯಾಗ ಬಿಸಿನೆಸ್ ಮಾಡ್ತಾನ ಅಂತಿದ್ರು ಅಣ್ಣಾರು," ಎಂದಳು ಯಶೋಧರಾ. ದನಿ ಸಣ್ಣದಾಗಿತ್ತು. "ದಾರ ಮಾರ್ತಾನ ಅಂತ ಹೇಳಿರಲಿಲ್ಲ."

ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಮಂದಿಯ ಎದುರು ದುರುಗೇಶನ ಮಗುವಿಗೆ ಕುಲಾವಿ ತೊಡಿಸಿ, ಕಿವಿಯಲ್ಲಿ ಹೆಸರು ಕೂಗಿದ ಮೇಲೆ ಅವಳು ಆ ಮನೆಯ ಮಗಳು. ದುರುಗೇಶನಿಗೆ ತಂಗಿ, ಅವನ ತಮ್ಮನಿಗೂ ತಂಗಿ. ಹುಟ್ಟಿನಿಂದ ಬಂದ ತಂಗಿಗಿಂತ ಒಂದು ಕೈ ಹೆಚ್ಚೇ, ಯಾಕೆಂದರೆ ಇದು ಕರೆದು ಸೀರೆ ಉಡಿಸಿ ಮಾಡಿಕೊಂಡ ಸಂಬಂಧ. ಆಮೇಲೆ ಆ ಕಣ್ಣಿನಿಂದ ನೋಡಿದರೆ ಊರು ಉಗುಳುತ್ತದೆ.

"ನೀವು ಬ್ಯಾಡ ಅನಬಹುದಲ್ರಿ," ಎಂದ.

"ಏನಂತ ಅನ್ಲಿ? ಹೋದ ತಿಂಗಳ ಬಾಯಿ ತುಂಬ ಹ್ಞೂಂ ಅಂದೀನಿ. ನಿಮ್ಮತ್ತಿಗಿ ಸುಷ್ಮಿತಕ್ಕ ಫೋನಿನಾಗ ಕುಣದಾಡಿದ್ಲು. ಯಾಕ ಬ್ಯಾಡ ಅಂತ ಕೇಳಿದ್ರ ನಾ ಏನು ಹೇಳ್ಲಿ? ನೀವಾದ್ರೂ ನಿಮ್ಮವ್ವಗ ಹೇಳಬಹುದಲ್ರಿ."

ಅವನು ಸುತ್ತಿದ. ಲಡಿ ಮುಗಿಯಿತು. ಅವಳ ಮಣಿಕಟ್ಟು ಬಿಡುಗಡೆಯಾಯಿತು, ಆದರೂ ಕೈಗಳು ಇನ್ನಷ್ಟು ಹೊತ್ತು ಹಾಗೇ ಗಾಳಿಯಲ್ಲಿದ್ದವು.

"ಅಂಚಿಗೆ ಕಡ್ಡಿ ಬೇಕಿತ್ತು," ಎಂದಳು, ಬ್ಯಾಗಿನ ಕಡೆ ನೋಡುತ್ತಾ. "ಮುಖದ ಸುತ್ತ ಬಿಗಿ ಹಿಡಿಯೋ ಅಂಚು."

ಅಂಚಿಗೆ ಒಂಬತ್ತು ನಂಬರು. ಅದು ಅವನಿಗೆ ನಿದ್ದೆಯಲ್ಲೂ ಗೊತ್ತು. ಒಂಬತ್ತು ಮುಗಿದಿದೆ, ಮುಂದಿನ ತಿಂಗಳು ಬರುತ್ತದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ತೊಟ್ಟಿಲ ದಿನಕ್ಕೆ ಕುಲಾವಿ ಮುಗಿಯುತ್ತಿರಲಿಲ್ಲ. ಮೂರನೆಯ ಡ್ರಾವರಿನ ಹತ್ತಿರ ಅವನ ಕೈ ನಿಂತಿತು. ಹುಡುಗನಾಗಿದ್ದಾಗಿನಿಂದ ಕೇಳಿದವರಿಗೆ ಕೇಳಿದ ಕಡ್ಡಿ ಕೊಟ್ಟ ಕೈ ಅದು. ತಪ್ಪು ಕಡ್ಡಿ ಕೊಡಲು ಬರಲಿಲ್ಲ, ಇಲ್ಲವೆನ್ನಲೂ ಬರಲಿಲ್ಲ. ಒಂಬತ್ತರ ಜೋಡಿಯನ್ನೇ ತೆಗೆದು, ಎಂದಿನಂತೆ ಕಾಗದದಲ್ಲಿ ಸುತ್ತಿ ಕೊಟ್ಟ. ಅವಳು ಅದನ್ನು ತೆಗೆದುಕೊಂಡು ಅವನ ಮುಖ ನೋಡಲಿಲ್ಲ.

*

ಆ ವಾರ ವಿರುಪಮ್ಮ ದಿನಕ್ಕೆರಡು ಸಲ ಇಳಕಲ್ ಸೀರೆಯನ್ನು ಮಡಿಕೆ ಬಿಚ್ಚಿ ನೋಡಿದರು. ಎರಡು ಗಂಡು ಹೆತ್ತು ಹೆಣ್ಣಿಗಾಗಿ ಹರಕೆ ಹೊತ್ತ ಹೆಂಗಸು. "ಮಗಳಿಗೆ ಸೀರಿ ತಗಳ್ಳೋ ಭಾಗ್ಯ ನನಗ ಈ ವಯಸ್ಸಿಗೆ ಬಂತು ನೋಡಪಾ," ಎಂದರು. ಜಂಬುನಾಥ ಮೂರು ಸಲ ಬಾಯಿ ತೆರೆದ. ಒಂದು ಸಲ ನೀರು ಕೇಳಿದ, ಒಂದು ಸಲ ಉಪ್ಪಿನಕಾಯಿ ಕೇಳಿದ. ಮೂರನೆಯ ಸಲ, "ಅವ್ವಾ, ಆ ಹುಡುಗಿ..." ಎಂದ.

"ಬಂಗಾರದಂಥಾಕಿ," ಎಂದರು ವಿರುಪಮ್ಮ. "ಪಾಲಪ್ಪನೋರ ಮನಿ ಅಂದ್ರ ಮನಿ. ಬೆಳದ ಹುಡುಗಿ ಇರೋ ಮನ್ಯಾಗ ನಿಮ್ಮಣ್ಣನ್ನ ಬಾಡಿಗಿ ಇಟ್ಟಾರ ಅಂದ್ರ ಎಷ್ಟು ನಂಬಿಗಿ ಇರಬೇಕು. ಆ ನಂಬಿಗೀಗೆ ನಾವು ಒಂದು ಕೂದಲಷ್ಟೂ ಕುಂದು ತರಬಾರದು."

ಜಂಬುನಾಥ ಉಪ್ಪಿನಕಾಯಿ ತಿಂದ. ನುಂಗಲಾರದ ತುತ್ತು ಬೇರೆಯೇ ಇತ್ತು.

ಶನಿವಾರ ಅವಳು ಬರಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಸುಂಕಪ್ಪ ಕಾಗದದ ಪೊಟ್ಟಣವೊಂದನ್ನು ಅವನ ಕೈಗಿಟ್ಟ. "ಸಂಡೂರಿಗೆ ಒಯ್ಯಿ. ಬೇಕಾದ್ರ ತಗೀ, ಬ್ಯಾಡಾದ್ರ ವಾಪಸ್ ತಾ," ಎಂದ. ಒಳಗೇನಿದೆ ಎಂದರೆ ಸುಂಕಪ್ಪನಿಗೆ ಕಿವಿ ಕೇಳಿಸಲಿಲ್ಲ.

*

ಸಂಡೂರಿನಲ್ಲಿ ಬೆಳಿಗ್ಗೆ ಹತ್ತಾದರೂ ಗುಡ್ಡದ ಚಳಿ ಬಿಟ್ಟಿರಲಿಲ್ಲ. ಸುಷ್ಮಿತಾಳ ತವರಿನ ನಡುಮನೆಯಲ್ಲಿ ತೊಟ್ಟಿಲು ಕಟ್ಟಿತ್ತು, ಹೆಂಗಸರು ತುಂಬಿದ್ದರು, ಹೊರಗೆ ಶಾಮಿಯಾನದಡಿ ಗಂಡಸರು ಉಪ್ಪಿಟ್ಟು ತಿನ್ನುತ್ತಿದ್ದರು. ಪಾಲಪ್ಪನವರೂ ಅಲ್ಲೇ ಇದ್ದರು. ಜಂಬುನಾಥ ಕುರ್ಚಿ ಹೊತ್ತ, ನೀರಿನ ಕ್ಯಾನು ಹೊತ್ತ, ಹೊರುವುದಕ್ಕೆ ಏನೂ ಉಳಿಯದಾಗ ಹಿತ್ತಲ ಬಾಗಿಲ ಹತ್ತಿರ ಹೋಗಿ ನಿಂತ.

ಅವಳು ಅಲ್ಲಿಗೇ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. ಅದು ಅವಳಿಗೆ ಒಪ್ಪಿತ್ತು, ಒಪ್ಪಿದ್ದಕ್ಕೇ ಅವನು ಅದನ್ನು ಮತ್ತೊಮ್ಮೆ ನೋಡಲಿಲ್ಲ.

"ಇದು ಬಂದ್ ಮಾಡಾಕ ಬರವಲ್ದು ನನಗ," ಎಂದು ಅವಳು ಸೆರಗಿನ ಮರೆಯಿಂದ ಕುಲಾವಿ ತೆಗೆದು ಕೊಟ್ಟಳು. ಕುಲಾವಿ ಪೂರ್ತಿ ಆಗಿತ್ತು, ಅಂಚೂ ಆಗಿತ್ತು. ಕೊನೆಯ ಸಾಲು ಮಾತ್ರ ಇನ್ನೂ ಒಂಬತ್ತು ನಂಬರಿನ ಕಡ್ಡಿಯ ಮೇಲೇ ಕೂತಿತ್ತು. "ಕೊನೀ ಸಾಲು. ನೀವ ಮುಗಿಸಿ ಕೊಡ್ರಿ. ನೀವು ಮುಗಿಸಿ ಕೊಟ್ರ ನಾ ತೊಡಸ್ತೀನಿ."

"ಬಂದ್ ಮಾಡಾಕ ನಿಮಗ ಬರತೈತಿ," ಎಂದ ಜಂಬುನಾಥ. "ಗ್ಲಾಸಿಗೆ ಹಾಕಿದ್ದ ಟೋಪಿ ನೀವ ಬಂದ್ ಮಾಡಿದ್ರಿ. ಚಂದ ಮಾಡಿದ್ರಿ."

"ಬರತಿತ್ತು," ಎಂದಳು ಅವಳು, ಮತ್ತು ಒಳಗೆ ಹೋದಳು.

ಅವನು ಕುಲಾವಿಯನ್ನು ಬೆಳಕಿಗೆ ಹಿಡಿದ. ಬುಡದಲ್ಲಿ ಹೆಡ್ ಮಾಸ್ಟರರ ಮಂಗಳವಾರ ಇತ್ತು. ಅದರಾಚೆ ಬಸ್ಸಿನ ಹಗುರು ಸಾಲುಗಳು. ಅವನು ಏಳು ನಂಬರು ಕೊಟ್ಟ ಮೇಲಿನ ವಾರವಿಡೀ ಒಂದೇ ಸಮ, ಒಂದು ಕುಣಿಕೆಯೂ ತಪ್ಪದ ಹೆಣಿಗೆ. ಆಮೇಲೆ ಹೊಸ ಲಡಿಯ ದಾರ. ಅಲ್ಲಿಂದ ಅಂಚಿನವರೆಗೆ ಕುಣಿಕೆಗಳು ಹಲ್ಲು ಕಚ್ಚಿ ಹಿಡಿದ ಹಾಗಿದ್ದವು. ಉಗುರು ತೂರಿಸಿದರೂ ತೂರುತ್ತಿರಲಿಲ್ಲ. ಇಂಥ ಬಿಗಿ ಕೈಯನ್ನು ಅವನು ಅಷ್ಟು ವರ್ಷದ ವ್ಯಾಪಾರದಲ್ಲಿ ಕಂಡಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ಎಲ್ಲವನ್ನೂ ಅವಳು ಹೇಳಿಯಾಗಿತ್ತು. ಹೇಳದೆ ಉಳಿದವನು ತಾನೊಬ್ಬನೇ.

"ಸೋದರತ್ತಿ ಎಲ್ಲಿ? ಕುಲಾವಿ ತಾರವ್ವಾ," ಎಂದು ಒಳಗಿನಿಂದ ವಿರುಪಮ್ಮನ ದನಿ ಕೇಳಿಸಿತು.

"ಅವರ ಕೈಯಾಗೈತಿ," ಎಂದಳು ಯಶೋಧರಾ.

ಎಲ್ಲರೂ ತಿರುಗಿ ನೋಡಿದರು. ಹಿತ್ತಲ ಬಾಗಿಲಲ್ಲಿ ಜಂಬುನಾಥ ಕುಲಾವಿಯನ್ನೂ ಕಡ್ಡಿಗಳನ್ನೂ ಹಿಡಿದುಕೊಂಡು ನಿಂತಿದ್ದ. ಗಂಡಸಿನ ಕೈಯಲ್ಲಿ ಹೆಣಿಗೆ ಕಡ್ಡಿ ನೋಡಿ ಯಾರೋ ಕಿಸಕ್ಕೆಂದರು. ಕೊನೆಯ ಸಾಲು ಬಂದ್ ಮಾಡುವುದು ಎರಡು ನಿಮಿಷದ ಕೆಲಸ. ಅವನು ಕಡ್ಡಿಯ ತುದಿ ಹಿಡಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅದನ್ನು ಸರ್ರನೆ ಎಳೆದು ತೆಗೆದ.

ಕುಣಿಕೆಗಳು ಒಂದು ಕ್ಷಣ ಹಾಗೇ ನಿಂತವು. ಅವನು ದಾರ ಎಳೆದ. ಅಂಚು ಹೋಯಿತು. ಮತ್ತೆ ಎಳೆದ. ಬಿಗಿ ಸಾಲುಗಳು ಒಂದೊಂದೇ ಬಿಚ್ಚಿ, ಸುರುಳಿ ಸುರುಳಿಯಾಗಿ ಅವನ ಕಾಲ ಮೇಲೆ ಬಿದ್ದವು. ಕೈ ನಿಲ್ಲಲಿಲ್ಲ. ಏಳು ನಂಬರಿನ ಸಾಲುಗಳು ಬಂದಾಗ ಮಾತ್ರ ತಾನಾಗಿ ನಿಂತಿತು.

"ಲೇ, ಹುಚ್ಚು ಹಿಡೀತೇನಲೇ ನಿನಗ?" ಎಂದ ದುರುಗೇಶ.

"ಈಕೀ ನನಗ ತಂಗಿ ಆಗೋದು ಬ್ಯಾಡ," ಎಂದ ಜಂಬುನಾಥ.

ತೊಟ್ಟಿಲ ಹಗ್ಗ ಹಿಡಿದಿದ್ದ ಸುಷ್ಮಿತಾಳ ಕೈ ನಿಂತಿತು. ಹೇಳಿದ್ದು ಸಾಲದೆನಿಸಿ ಅವನು ಇನ್ನೊಂದು ಸಲ, ತಾಯಿಯ ಕಡೆ ತಿರುಗಿ ಹೇಳಿದ. "ನನ್ನ ಕೈಯಾಗ ಆಗಾಂಗಿಲ್ಲವ್ವಾ. ಇಷ್ಟು ದಿನ ಹೇಳಾಕ ಬಾಯಿ ಬರಲಿಲ್ಲ. ಆಕೀನ್ನ ತಂಗಿ ಅನ್ನಾಕ ನನ್ನ ಕೈಯಾಗ ಆಗಾಂಗಿಲ್ಲ."

"ನಾ ಆ ಮನ್ಯಾಗ ಬಾಡಿಗಿ ಇರಬೇಕಲೇ," ಎಂದ ದುರುಗೇಶ ಅಳುವ ದನಿಯಲ್ಲಿ, ಶಾಮಿಯಾನದ ಕಡೆ ನೋಡುತ್ತಾ.

ವಿರುಪಮ್ಮ ಎದ್ದರು. ಕಾಲ ಬಳಿಯ ಹಳದಿ ದಾರವನ್ನು ನೋಡಿದರು, ಮಗನನ್ನು ನೋಡಿದರು, ನಡೆದು ಬಂದು ಅವನ ಬೆನ್ನಿಗೆ ಧಪ್ಪೆಂದು ಒಂದು ಗುದ್ದಿದರು. ಕೂಸಿಗೆ ಹೆಸರು ಕೂಗಿದಾಗ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಇದು ಆ ಗುದ್ದಲ್ಲ, ತಾಯಿಯ ಸಿಟ್ಟಿನ ಗುದ್ದು. ಎರಡನೆಯದು ಅಷ್ಟು ಜೋರಾಗಿರಲಿಲ್ಲ.

"ಸೀರಿ ತರೋ ಮೊದಲು ಹೇಳಾಕ ಏನು ಧಾಡಿ ಆಗಿತ್ತು ನಿನಗ?" ಎಂದರು. ಮಗಳು ಬಂದಳು ಎಂದುಕೊಂಡ ಹೆಂಗಸಿಗೆ ಎರಡು ವಾರವೂ ಆ ಸುಖ ಉಳಿಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅವರು ಯಶೋಧರಾಳ ಕಡೆ ತಿರುಗಿದರು. "ಪಾಲಪ್ಪನೋರ ಕೂಡ ನಾ ಮಾತಾಡ್ತೀನಿ. ಒಪ್ತಾರೋ, ಬೈದು ಕಳಸ್ತಾರೋ, ಅದು ಆಮ್ಯಾಲಿನ ಮಾತು. ಮೊದಲು ನೀ ಹೇಳವ್ವಾ. ಈ ಮೂಕಬಸವನ ಮಾತಿಗೆ ನೀ ಏನಂತಿ?"

ಕೂಸು ಬೆಚ್ಚಿ ಅತ್ತಿತು. ಆಗ ಜಂಬುನಾಥನಿಗೆ ಜೇಬಿನ ಪೊಟ್ಟಣ ನೆನಪಾಯಿತು. ತೆಗೆದು ತಾಯಿಗೆ ಕೊಟ್ಟ. ಒಳಗೆ ಖಣದ ಬಟ್ಟೆಯ, ಜರಿ ಅಂಚಿನ ಪುಟ್ಟ ಕುಲಾವಿ ಇತ್ತು, ಹಿಂದಿನ ಕಾಲದಲ್ಲಿ ಹೊಲಿಯುತ್ತಿದ್ದಂಥದ್ದು. ಸೋದರತ್ತೆ ಇಲ್ಲದ ಮನೆಯಲ್ಲಿ ಅಜ್ಜಿ ತೊಡಿಸಿದರೂ ನಡೆಯುತ್ತದೆ ಎಂದು ಮೂಲೆಯಿಂದ ಯಾವುದೋ ಮುದುಕಿ ಹೇಳಿದಳು. ವಿರುಪಮ್ಮ ಕೂಸಿನ ತಲೆಗೆ ಅದನ್ನು ಕಟ್ಟಿದರು. ಆದರೆ ಅವರ ಕಣ್ಣು ಯಶೋಧರಾಳನ್ನು ಬಿಟ್ಟಿರಲಿಲ್ಲ. ಯಾರ ಕಣ್ಣೂ ಬಿಟ್ಟಿರಲಿಲ್ಲ.

ಯಶೋಧರಾ ಹಿತ್ತಲ ಬಾಗಿಲಿಗೆ ಬಂದಳು. ಹೊಸಿಲ ಹತ್ತಿರ, ಬಿಚ್ಚಿ ಬಿದ್ದ ದಾರದ ಮುಂದೆ ಇಳಕಲ್ ಸೀರೆಯಲ್ಲೇ ನೆಲಕ್ಕೆ ಕೂತಳು. ಕೂತು, ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಬಳೆ ಸದ್ದಾಯಿತು.

ಜಂಬುನಾಥ ಅವಳೆದುರು ಕುಕ್ಕರುಗಾಲಲ್ಲಿ ಕೂತು, ಸುಕ್ಕು ಸುಕ್ಕಾದ ಹಳದಿ ದಾರವನ್ನು ಅವಳ ಮಣಿಕಟ್ಟಿಗೆ ಒಂದು ಸುತ್ತು ಹಾಕಿದ. ಎರಡನೆಯ ಸುತ್ತು ತಪ್ಪಿತು.

"ಅತ್ತಿ ಆಗಿ ಹೆಣದಿದ್ದು ಕೂಸಿಗೆ ಬರಲಿಲ್ಲ," ಎಂದಳು ಅವಳು, ಮನೆಯವರಿಗೆಲ್ಲ ಕೇಳಿಸುವಷ್ಟು ದನಿಯಲ್ಲಿ, ಆದರೆ ಅವನನ್ನೇ ನೋಡುತ್ತಾ. "ಮತ್ತ ಹೆಣಿಯಬೇಕು. ಈ ಸಲ ಕೂಸಿನ ಚಿಗವ್ವ ಹೆಣೀತಾಳ. ಆಕೀಗೆ ಯಾವ ನಂಬರಿನ ಕಡ್ಡಿ ಕೊಡ್ತೀರಿ?"

ಚಿಗವ್ವ ಎಂದರೆ ಕಾಕನ ಹೆಂಡತಿ. ಕೂಸಿಗೆ ಇದ್ದ ಕಾಕ ಅವನೊಬ್ಬನೇ. ವಿರುಪಮ್ಮ ತೊಟ್ಟಿಲ ಹಗ್ಗಕ್ಕೆ ಕೈ ಹಾಕಿ, ಮುಖ ಆ ಕಡೆ ತಿರುಗಿಸಿ, ಜೋರಾಗಿ ತೂಗತೊಡಗಿದರು.

"ಏಳು," ಎಂದ ಜಂಬುನಾಥ. "ಏಳು ಒಂದ ಸಾಕು."